ಗೋಡೆಯಲ್ಲಿ ಫಾರ್ಮಸಿಸ್ಟ್, ಕೌಂಟರಿನಲ್ಲಿ ಯಾರು?

ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲ್ಲೂಕುಗಳ ಒಳಊರುಗಳಲ್ಲಿ ಸಂಜೆಯ ಮೇಲೆ ಜ್ವರ ಕಾಣಿಸಿಕೊಂಡರೆ ಜನ ಮೊದಲು ಹೋಗುವುದು ಮೆಡಿಕಲ್‌ಗೆ. ಆ ಹೊತ್ತಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ಬಾಗಿಲು ಹಾಕಿರುತ್ತದೆ. ಕೊಲ್ಲೂರಿನ ಕಡೆಯಿಂದ ಕುಂದಾಪುರದ ಆಸ್ಪತ್ರೆಗೆ ಬರಬೇಕೆಂದರೆ ಬಸ್ಸಿನಲ್ಲಿ ತಾಸಿನ ಮೇಲೆ ಹಿಡಿಯುತ್ತದೆ. ‘ಎರಡ್ ದಿನದ್ ಜ್ವರ, ಒಂದ್ ಗುಳಿಗಿ ಕೊಡಿ ಮಾರಾಯ್ರೆ’ ಎಂದರೆ ಗುಳಿಗೆ ಸಿಗುತ್ತದೆ. ಕೊಟ್ಟವರು ಯಾರು, ಅವರು ಏನು ಓದಿದ್ದಾರೆ ಎಂದು ವಿಚಾರಿಸುವವರಿಲ್ಲ.

ಕಾನೂನು ಮಾತ್ರ ಈ ವಿಷಯದಲ್ಲಿ ಮೊದಲಿನಿಂದಲೂ ಸ್ಪಷ್ಟವಾಗಿದೆ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ, ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಬಿಟ್ಟು ಬೇರೆಯವರು ಕೊಡುವಂತಿಲ್ಲ. 1945ರ ಔಷಧ ನಿಯಮಗಳು ಕೂಡ ಚೀಟಿಯ ಔಷಧ ಅವರ ಕಣ್ಣೆದುರೇ ಹೋಗಬೇಕು ಎನ್ನುತ್ತವೆ. ಅಂಗಡಿಗೆ ಕನಿಷ್ಠ ಹತ್ತು ಚದರ ಮೀಟರ್ ಜಾಗ ಇರಬೇಕೆಂದೂ ಹೇಳುತ್ತವೆ. ಅಳೆದು ನೋಡಬಹುದಾದ ಈ ಎರಡನೆಯ ಷರತ್ತು ಎಲ್ಲೆಡೆ ಪಾಲನೆಯಾಗುತ್ತದೆ. ಮೊದಲನೆಯದು ಅನೇಕ ಕಡೆ ಕಟ್ಟು ಹಾಕಿಸಿದ ಸರ್ಟಿಫಿಕೇಟಿನ ರೂಪದಲ್ಲಿ ಗೋಡೆಯ ಮೇಲಿರುತ್ತದೆ. ಅದರಲ್ಲಿ ಹೆಸರಿರುವವರು ಇನ್ನೆಲ್ಲೋ ಕೆಲಸದಲ್ಲಿರುತ್ತಾರೆ. ಸರ್ಟಿಫಿಕೇಟ್ ಬಾಡಿಗೆಗೆ ಬಿಡುವ ಈ ಪದ್ಧತಿ ರಾಜ್ಯದಲ್ಲಿ ಯಾರಿಗೂ ಹೊಸತಲ್ಲ.

ಇದನ್ನು ಅಂಗಡಿಯವರ ದುರಾಸೆ ಎಂದು ತಳ್ಳಿಹಾಕುವುದು ಸುಲಭ. ಲೆಕ್ಕ ಹಾಕಿ ನೋಡಿದರೆ ಚಿತ್ರ ಬೇರೆಯೇ ಕಾಣುತ್ತದೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ಬೆಲೆ ನಿಗದಿಯಾದ ಅಗತ್ಯ ಔಷಧಗಳಲ್ಲಿ ಚಿಲ್ಲರೆ ವ್ಯಾಪಾರಿಗೆ ಸಿಗುವ ಲಾಭಾಂಶ ಶೇ 16. ಇಪ್ಪತ್ತು ರೂಪಾಯಿಯ ಮಾತ್ರೆಯ ಪಟ್ಟಿ ಮಾರಿದರೆ ಉಳಿಯುವುದು ಮೂರು ರೂಪಾಯಿಗಿಂತ ಕಡಿಮೆ. ದಿನಕ್ಕೆ ನೂರು ಪಟ್ಟಿ ಹೋದರೂ ಮುನ್ನೂರು ರೂಪಾಯಿ ದಾಟುವುದಿಲ್ಲ. ಕೋಣೆ ಬಾಡಿಗೆ, ಕರೆಂಟ್ ಬಿಲ್, ಹುಡುಗನ ಸಂಬಳ ಕಳೆದ ಮೇಲೆ ಡಿಪ್ಲೊಮಾ ಮಾಡಿದವರನ್ನು ದಿನವಿಡೀ ಕೂರಿಸಿಕೊಳ್ಳಲು ಏನು ಉಳಿದೀತು? ಅಗ್ಗದ ಔಷಧ ಜನರಿಗೆ ಬೇಕೇ ಬೇಕು. ಆದರೆ ಅದನ್ನು ಬಲ್ಲವರ ಕೈಯಿಂದ ಕೊಡಿಸುವ ಖರ್ಚನ್ನು ಯಾರು ಹೊರಬೇಕು ಎಂದು ಸರ್ಕಾರ ಯೋಚಿಸಿಯೇ ಇಲ್ಲ. ಹೆಚ್ಚು ಲಾಭದ ಮಾಲು ಅಂಗಡಿಯ ಮುಂದಿನ ಸಾಲಿಗೆ ಬರುವುದರ ಗುಟ್ಟೂ ಇಲ್ಲೇ ಇದೆ.

ಇದರ ಫಲ ಚರ್ಮದ ಮೇಲೆಯೇ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಬಟ್ಟೆ, ಗದ್ದೆಯ ನೀರು, ದೋಣಿಯ ಕೆಲಸ ಎಲ್ಲ ಸೇರಿ ಕರಾವಳಿಯಲ್ಲಿ ಗಜಕರ್ಣ ಜೋರು. ‘ತುರಿಕೆಗೊಂದು ಟ್ಯೂಬ್’ ಕೇಳಿದವರಿಗೆ ಸ್ಟೆರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮೂರೂ ಬೆರೆತ ಮುಲಾಮು ಸಿಗುತ್ತದೆ. ಸ್ಟೆರಾಯ್ಡಿನ ದೆಸೆಯಿಂದ ಎರಡೇ ದಿನಕ್ಕೆ ತುರಿಕೆ ಅಡಗುತ್ತದೆ, ಗಜಕರ್ಣ ಒಳಗೊಳಗೇ ಹರಡುತ್ತದೆ. ತಿಂಗಳ ನಂತರ ಚರ್ಮತಜ್ಞರ ಬಳಿ ಹೋಗುವಾಗ ಅದರ ಗುರುತೇ ಬದಲಾಗಿರುತ್ತದೆ, ಸಾಮಾನ್ಯ ಔಷಧಕ್ಕೆ ಬಗ್ಗುವುದೂ ಇಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಟ್ಯೂಬುಗಳು ಕೌಂಟರಿನ ಮೇಲೆ ಮೊದಲಿದ್ದಲ್ಲೇ ಇವೆ.

ಇನ್ನೊಂದು ಸಣ್ಣ ಸಂಗತಿ, ಕತ್ತರಿಯದ್ದು. ಎರಡು ಮಾತ್ರೆ ಸಾಕು ಎಂದವರಿಗೆ ಪಟ್ಟಿಯಿಂದ ಎರಡನ್ನು ಕತ್ತರಿಸಿ ಕೊಡುತ್ತಾರೆ. ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುವ ತುದಿ ಮೊದಲ ಗಿರಾಕಿಯ ಜೊತೆ ಹೋಗಿಬಿಟ್ಟರೆ, ಉಳಿದ ಎಂಟು ಮಾತ್ರೆಗೆ ಊರೂ ಇಲ್ಲ, ಹೆಸರೂ ಇಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾವಿಗೀಡಾದಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾರದ ಮಕ್ಕಳ ಸಾವಿನ ಬೆನ್ನಿಗೆ ‘ಕೋಲ್ಡ್ರಿಫ್’ ಕೆಮ್ಮಿನ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಪತ್ತೆಯಾಯಿತು. ಇಂಥ ಹೊತ್ತಿನಲ್ಲಿ ‘ಈ ಬ್ಯಾಚ್ ಮಾರಬೇಡಿ’ ಎಂಬ ಸೂಚನೆ ಶಂಕರನಾರಾಯಣದಂಥ ಊರಿನ ಅಂಗಡಿಯ ಕಪಾಟಿನವರೆಗೂ ತಲುಪಬೇಕು. ಅಲ್ಲಿ ಅದನ್ನು ಓದಿ ಮಾಲು ಹುಡುಕಿ ತೆಗೆದಿಡುವವರು ಬೇಕು. ಬ್ಯಾಚ್ ಸಂಖ್ಯೆಯೇ ಕತ್ತರಿಗೆ ಸಿಕ್ಕಿದ್ದರೆ ಹುಡುಕುವುದಾದರೂ ಏನನ್ನು?

ಹವೆಯೂ ಇಲ್ಲಿ ಔಷಧಕ್ಕೆ ಒಗ್ಗುವಂಥದ್ದಲ್ಲ. ಆಸ್ಪಿರಿನ್ ತೇವ ಹೀರಿದರೆ ಒಡೆದು ವಿನೆಗರ್ ವಾಸನೆ ಬರುತ್ತದೆ. ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು, ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ಫ್ರಿಜ್ಜಿನ ಉಷ್ಣಾಂಶವನ್ನು ದಿನಕ್ಕೆರಡು ಸಲ ಬರೆದಿಡುತ್ತಾರೆ. ಅದೇ ಊರಿನ ಮೆಡಿಕಲ್‌ನ ಫ್ರಿಜ್ಜಿಗೆ ಹೆಚ್ಚಿನ ಕಡೆ ಥರ್ಮಾಮೀಟರೇ ಇರುವುದಿಲ್ಲ. ಇನ್ನೂರು ಮುನ್ನೂರು ರೂಪಾಯಿಯ ವಸ್ತುವಿಗೆ ಯಾವ ಯೋಜನೆಯೂ ಬೇಕಿಲ್ಲ.

ಔಷಧ ನಿಯಮಗಳ 2017ರ ತಿದ್ದುಪಡಿಯ ನಂತರ ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿದರೆ ಲೈಸೆನ್ಸ್ ಮುಂದುವರಿಯುತ್ತದೆ. ಹಾಗಿರುವಾಗ ತಪಾಸಣೆಯ ರೀತಿಯಾದರೂ ಬದಲಾಗಬೇಕು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ‘ಎಚ್1’ ಪಟ್ಟಿಯ ಔಷಧಗಳಿಗೆ, ಅಂದರೆ ಸೆಫಿಕ್ಸಿಮ್, ಕ್ಷಯದ ಮಾತ್ರೆಗಳು, ಆಲ್ಪ್ರಜೋಲಾಮ್ ಮುಂತಾದವಕ್ಕೆ, ರೋಗಿಯ ಮತ್ತು ವೈದ್ಯರ ಹೆಸರು ಬರೆದ ಪ್ರತ್ಯೇಕ ಪುಸ್ತಕವನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ಆ ಪುಸ್ತಕವನ್ನು ಖರೀದಿ ಬಿಲ್ಲಿನ ಜೊತೆ ತಾಳೆ ನೋಡಿದರೆ ಅಂಗಡಿಯ ಹಣೆಬರಹ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಪಕ್ಕದ ಕೇರಳ ಆ್ಯಂಟಿಬಯಾಟಿಕ್‌ಗಳನ್ನು ನೀಲಿ ಲಕೋಟೆಯಲ್ಲೇ ಕೊಡಬೇಕೆಂದು ವಿಧಿಸಿ, ‘ಅಮೃತ್’ ಹೆಸರಿನಲ್ಲಿ ಅಂಗಡಿಗಳ ಮೇಲೆ ದಿಢೀರ್ ತಪಾಸಣೆ ನಡೆಸಿತು.

ದಂಡದಿಂದಷ್ಟೇ ಫಾರ್ಮಸಿಸ್ಟ್ ಕೌಂಟರಿಗೆ ಬರುವುದಿಲ್ಲ, ಸಂಬಳವೂ ಬೇಕು. ಇಂಗ್ಲೆಂಡಿನಲ್ಲಿ ಹೊಸದಾಗಿ ದೀರ್ಘಕಾಲದ ಔಷಧ ಶುರು ಮಾಡಿದ ರೋಗಿಗೆ ತಿಳಿಹೇಳುವ ಕೆಲಸಕ್ಕೆ 2011ರಿಂದ ಸರ್ಕಾರವೇ ಅಂಗಡಿಗೆ ಹಣ ಕೊಡುತ್ತಿದೆ. ನಮ್ಮಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯವರ ಮಾತ್ರೆಯ ಲೆಕ್ಕ ಇಡುವುದು, ಕ್ಷಯದ ಔಷಧ ಒಯ್ಯುವವರ ಮಾಹಿತಿ ಕೊಡುವುದು ಇಂಥ ಕೆಲಸಗಳಿಗೆ ಆರೋಗ್ಯ ಇಲಾಖೆ ಸಣ್ಣ ಗೌರವಧನ ನಿಗದಿ ಮಾಡಬಹುದು, ಫಾರ್ಮಸಿಸ್ಟ್ ಖುದ್ದು ಹಾಜರಿರುವ ಅಂಗಡಿಗೆ ಮಾತ್ರ. ಪ್ರಯೋಗಕ್ಕೆ ಈ ಮೂರು ತಾಲ್ಲೂಕುಗಳಿಗಿಂತ ಅನುಕೂಲದ ಜಾಗ ರಾಜ್ಯದಲ್ಲಿ ಹೆಚ್ಚಿಲ್ಲ. 1963ರಲ್ಲಿ ಶುರುವಾದ ಮಣಿಪಾಲದ ಫಾರ್ಮಸಿ ಕಾಲೇಜು ಬ್ರಹ್ಮಾವರದಿಂದ ಹೆಚ್ಚು ದೂರವಿಲ್ಲ. ಫಾರ್ಮ್‌ ಡಿ ವಿದ್ಯಾರ್ಥಿಗಳು ದೊಡ್ಡಾಸ್ಪತ್ರೆಯ ವಾರ್ಡುಗಳಲ್ಲಿ ತರಬೇತಿ ಪಡೆಯುತ್ತಾರೆ. ಅದರಲ್ಲಿ ಒಂದು ತಿಂಗಳನ್ನು ವಂಡ್ಸೆ, ಕೊಕ್ಕರ್ಣೆ, ಶಿರೂರಿನ ಮೆಡಿಕಲ್‌ಗಳಲ್ಲಿ ಕಳೆಯುವಂತೆ ಮಾಡಲು ಕಾಯ್ದೆ ತಿದ್ದಬೇಕಾಗಿಲ್ಲ, ಜಿಲ್ಲಾಡಳಿತ ಮತ್ತು ಕಾಲೇಜು ಒಮ್ಮೆ ಕೂತು ಮಾತಾಡಿದರೆ ಆದೀತು.