ಕಲಿಸಿದ ಮೇಷ್ಟ್ರ ಹೆಸರು ಯಾರಲ್ಲಿ ಉಂಟು?

ಹೋದ ತಿಂಗಳು ಕಂಕನಾಡಿ ಮಾರ್ಕೆಟಿನ ಕಡೆಯ ಒಂದು ಗುಜರಿ ಅಂಗಡಿಯಲ್ಲಿ ನಮ್ಮ ಪರಿಚಯದ ಹುಡುಗನೊಬ್ಬನಿಗೆ ಹಳೆಯ ಲಾಗ್ ಟೇಬಲ್ ಪುಸ್ತಕ ಸಿಕ್ಕಿತು. ತೂಕಕ್ಕೆ ಹಾಕಿದ್ದ ರಾಶಿಯಲ್ಲಿ ಅದರ ಜೊತೆಗೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನ ದಪ್ಪ ಪುಸ್ತಕ, ಕೈಬರಹದ ನಾಲ್ಕು ನೋಟ್ಸ್ ಪುಸ್ತಕ, ಬಿರುಕು ಬಿಟ್ಟ ಒಂದು ಸ್ಲೈಡ್ ರೂಲ್ ಕೂಡ ಇತ್ತಂತೆ. ಎಂಜಿನಿಯರಿಂಗ್ ಓದುತ್ತಿರುವ ಹುಡುಗ, ಎಲ್ಲವನ್ನೂ ಕೊಂಡುತಂದು ನಮ್ಮ ಮೇಜಿನ ಮೇಲಿಟ್ಟ. ನೋಟ್ಸ್‌ನ ಅಂಚಿನಲ್ಲಿ ಪಾಠ ಮಾಡಿದ ತಾರೀಕು. ಕೆಲವು ಕಡೆ ಪೆನ್ಸಿಲಿನಲ್ಲಿ, ಹಿಂದಿನ ಬೆಂಚಿನವರಿಗೆ ಅರ್ಥವಾಗಿಲ್ಲ, ನಾಳೆ ಪುನಃ ಹೇಳಬೇಕು ಎಂಬ ಗುರುತು. ಒಳಪುಟದಲ್ಲಿ ಒಂದು ಹೆಸರು. "ಇವರು ಯಾರು ಸಾರ್?" ಎಂದು ಹುಡುಗ ಕೇಳಿದ. ನಮಗೆ ಗೊತ್ತಿರಲಿಲ್ಲ.

ವಿಚಾರಿಸಿದೆವು. ಗಲ್ಫಿನಿಂದ ವಾಪಸು ಬಂದು ಇಲ್ಲೇ ಮನೆ ಮಾಡಿಕೊಂಡಿರುವ ಹಿರಿಯ ಎಂಜಿನಿಯರ್ ಒಬ್ಬರು ಹೆಸರು ಕೇಳಿದ ಕೂಡಲೇ ಗುರುತು ಹಿಡಿದರು. "ಅಯ್ಯೋ, ನಮ್ಮ ಮೇಷ್ಟ್ರಲ್ವಾ ಮಾರಾಯ್ರೆ! ತೀರಿಹೋದರು. ನಮ್ಮ ಬ್ಯಾಚಿನ ಗ್ರೂಪಿನಲ್ಲಿ ಬಂದಿತ್ತು." ನೀವು ಏನು ಮಾಡಿದಿರಿ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೈಮುಗಿದ ಚಿತ್ರ ಹಾಕಿದ್ದೆ."

ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ನಾವೂ ಅದನ್ನೇ ಮಾಡುವವರು.

ಸಾವಿನ ಮನೆಗೆ ಹೋಗುವ ವಿಷಯದಲ್ಲಿ ಬ್ಯಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಯ್ಯತ್ ಎಂದು ಸುದ್ದಿ ಬಂದರೆ ಅಂಗಡಿ ಬಾಗಿಲು ಅರ್ಧ ಎಳೆದು ಹೋಗುತ್ತೇವೆ, ಹೆಗಲು ಕೊಡುತ್ತೇವೆ, ದಫನದವರೆಗೆ ನಿಲ್ಲುತ್ತೇವೆ, ತಹ್ಲೀಲ್‌ಗೆ ಕೂರುತ್ತೇವೆ. ಆದರೆ ತೀರಿಕೊಂಡವರು ನಮಗೆ ಕಾಲೇಜಿನಲ್ಲಿ ಕಲಿಸಿದ ಭಟ್ಟರೋ ಶೆಟ್ಟರೋ ಡಿಸೋಜರೋ ಆಗಿದ್ದರೆ ಕಾಲು ಹಿಂದೇಟು ಹಾಕುತ್ತದೆ. ಅಲ್ಲಿ ಏನು ಹೇಳುವುದು, ಎಲ್ಲಿ ನಿಲ್ಲುವುದು ಎಂಬ ಸಂಕೋಚ. ಹೇಳಲು ಬೇಕಾದಷ್ಟು ಉಂಟು. "ನಿಮ್ಮ ತಂದೆ ನನಗೆ ಎರಡು ಸಲ ಹೇಳಿಕೊಟ್ಟದ್ದರಿಂದ ನಾನು ಆ ಪೇಪರ್ ಪಾಸಾದೆ" ಎಂದರೆ ಸಾಕು, ಆ ಮನೆಯ ಮಕ್ಕಳು ಆ ನೋಟ್ಸನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಯೋಚಿಸುತ್ತಾರೆ.

ಇದು ಈಗಲೇ ಆಗಬೇಕಾದ ಕೆಲಸ. ಸುರತ್ಕಲ್‌ನಲ್ಲಿ ಕೆಆರ್‌ಇಸಿ ಶುರುವಾದದ್ದು 1960ರಲ್ಲಿ. ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು ಹಟ ಹಿಡಿದು ತಂದ ಕಾಲೇಜು ಅದು. ಸಿವಿಲ್, ಮೆಕ್ಯಾನಿಕಲ್, ಇಲೆಕ್ಟ್ರಿಕಲ್ ಎಂದು ಮೂರೇ ವಿಭಾಗ. ಮಲ್ಯರು 1965ರಲ್ಲಿ ತೀರಿಕೊಂಡರು. ಅವರ ಹೆಸರಾದರೂ ಊರಿನಲ್ಲಿ ಉಳಿದಿದೆ. ಆ ಮರಳು ನೆಲದಲ್ಲಿ ಮೊದಲ ವರ್ಷಗಳಲ್ಲಿ ಚಾಕ್ ಹಿಡಿದು ನಿಂತ ಮೇಷ್ಟ್ರುಗಳ ಹೆಸರು ಎಷ್ಟು ಜನರ ಬಾಯಲ್ಲಿ ಉಂಟು? ಅವರಿಗೆ ವಿದ್ಯಾರ್ಥಿಗಳಾಗಿದ್ದವರೇ ಈಗ ಎಂಬತ್ತು ದಾಟಿದವರು. ಕದ್ರಿ ಗುಡ್ಡೆಯ ಕೆಪಿಟಿ ಅದಕ್ಕಿಂತಲೂ ಹಳೆಯದು, 1946ರದ್ದು. ಅಲ್ಲಿನ ಮೊದಲ ಸಾಲಿನವರಲ್ಲಿ ಕೇಳಿ ತಿಳಿಯುವ ಕಾಲ ಹೆಚ್ಚುಕಡಿಮೆ ಮುಗಿದೇ ಹೋಗಿದೆ.

ದಾಖಲೆ ಕಾಲೇಜಿನಲ್ಲಿ ಇರುತ್ತದಲ್ಲ ಎನ್ನಬಹುದು. ಇರುವುದು ರಿಜಿಸ್ಟರ್ ನಂಬ್ರ ಮತ್ತು ಅಂಕ. ಅದೂ ಒಂದೇ ಕಡೆ ಇಲ್ಲ. ಸುರತ್ಕಲ್ ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಕೆಳಗಿತ್ತು. 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಬಂದ ಮೇಲೆ ಅದರ ಕೆಳಗೆ ಬಂತು. 2002ರಲ್ಲಿ ಎನ್‌ಐಟಿಕೆ ಆಯಿತು. ಹಾಗಾಗಿ ಒಂದೇ ಮನೆಯ ಅಣ್ಣನ ಸರ್ಟಿಫಿಕೇಟಿನಲ್ಲಿ ಒಂದು ಮುದ್ರೆ, ತಮ್ಮನದರಲ್ಲಿ ಇನ್ನೊಂದು. ಹಾಸ್ಟೆಲ್ ಫೀಸಿಗೆ ಯಾರು ಸಾಲ ಕೊಟ್ಟರು, ರಮಳಾನಿನಲ್ಲಿ ಅತ್ತಾಳಕ್ಕೆ ಏನು ಮಾಡಿದರು, ಇಂಗ್ಲಿಷ್ ಬಾರದ ಹುಡುಗನನ್ನು ಯಾವ ಮೇಷ್ಟ್ರು ಸಂಜೆ ಕೂರಿಸಿ ಓದಿಸಿದರು ಎಂಬುದು ಯಾವ ಮುದ್ರೆಯಲ್ಲೂ ಸಿಗುವುದಿಲ್ಲ.

ನಮ್ಮವರೇ ಕಟ್ಟಿದ ಕಾಲೇಜುಗಳ ಕಾಲ ಬಂದದ್ದು ತಡವಾಗಿ. ಭಟ್ಕಳದ ಅಂಜುಮನ್ 1980ರಲ್ಲಿ, ನಡುಪದವಿನ ಪಿ.ಎ. ಕಾಲೇಜು 2000ದಲ್ಲಿ, ಇನ್ನೋಳಿಯ ಬ್ಯಾರೀಸ್ 2008ರಲ್ಲಿ. ಪಿ.ಎ. ಕಾಲೇಜಿನ ಸ್ಥಾಪಕ ಪಿ.ಎ. ಇಬ್ರಾಹೀಂ ಹಾಜಿಯವರು 2021ರ ಡಿಸೆಂಬರಿನಲ್ಲಿ ನಿಧನರಾದಾಗ ಕಾಸರಗೋಡಿನಿಂದ ಮಂಗಳೂರಿನವರೆಗೆ ಜನ ದುಆ ಮಾಡಿದರು, ಮಾಡಬೇಕಾದದ್ದೇ. ಕಟ್ಟಿಸಿದವರನ್ನು ನೆನೆಯುವುದು ನಮಗೆ ಗೊತ್ತು. ಅಮೃತಶಿಲೆಯಲ್ಲಿ ದಾನಿಯ ಹೆಸರು, ಉದ್ಘಾಟಿಸಿದ ಮಂತ್ರಿಯ ಹೆಸರು ಕೆತ್ತಿಸುತ್ತೇವೆ. ಆ ಕೋಣೆಯೊಳಗೆ ಮೂವತ್ತು ವರ್ಷ ಪಾಠ ಮಾಡಿದವರ ಹೆಸರು ಕೆತ್ತಿದ ಕಲ್ಲನ್ನು ನಾವಂತೂ ಈವರೆಗೆ ನೋಡಿಲ್ಲ. ಪಂಪ್‌ವೆಲ್ ಮೇಲ್ಸೇತುವೆ ತಡವಾದಷ್ಟು ವರ್ಷ ಎಂಜಿನಿಯರುಗಳನ್ನು ದಿನಾ ಬೈದೆವು. 2020ರ ಜನವರಿಯಲ್ಲಿ ತೆರೆದ ಮೇಲೆ ಅದರ ಲೆಕ್ಕ ಹಾಕಿದವರು ಯಾರೆಂದು ಒಬ್ಬರೂ ಕೇಳಲಿಲ್ಲ.

ಇನ್ನೂ ದೊಡ್ಡ ಉದಾಹರಣೆ ಬೇಕಿದ್ದರೆ ಹಜ್ಜಿಗೆ ಹೋಗಿ ಬಂದ ನಿಮ್ಮ ಮನೆಯ ಹಿರಿಯರನ್ನೇ ಕೇಳಿ. ಜಿದ್ದಾದ ಹಜ್ ಟರ್ಮಿನಲ್‌ನ ಬಿಳಿ ಡೇರೆಗಳ ಚಾವಣಿ ಅನೇಕರಿಗೆ ನೆನಪಿರುತ್ತದೆ. ಒಟ್ಟು 210 ಡೇರೆಗಳು. ಫೈಬರ್ ಗ್ಲಾಸ್ ಬಟ್ಟೆಯನ್ನು ಕೇಬಲ್ಲುಗಳಿಂದ ಬಿಗಿದು ತೂಗುಹಾಕಿ, ಸುತ್ತ ಗೋಡೆಯಿಲ್ಲದೆ, ಮರುಭೂಮಿಯ ಬಿಸಿಯಲ್ಲೂ ನೆರಳು ಗಾಳಿ ಎರಡೂ ಸಿಗುವಂತೆ ಮಾಡಿದ್ದು. ಅದರ ಹಿಂದಿನ ಎಂಜಿನಿಯರ್ ಫಝ್ಲುರ್ರಹ್ಮಾನ್ ಖಾನ್. 1929ರಲ್ಲಿ ಢಾಕಾದಲ್ಲಿ ಹುಟ್ಟಿ, ಅಲ್ಲಿಯೇ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದವರು. ಎತ್ತರದ ಕಟ್ಟಡದ ಬಲವನ್ನು ಒಳಗಿನ ಕಂಬಗಳಿಗೆ ಬಿಡದೆ ಹೊರಮೈಗೇ ಕೊಟ್ಟು, ಒಳಗೆ ಟೊಳ್ಳಾಗಿದ್ದೂ ಗಾಳಿಗೆ ತಡೆದು ನಿಲ್ಲುವ ಬಿದಿರಿನ ಹಾಗೆ ಕಟ್ಟಬಹುದೆಂದು ತೋರಿಸಿದರು. ಶಿಕಾಗೋದ 110 ಅಂತಸ್ತಿನ ಸಿಯರ್ಸ್ ಟವರ್ ಹಾಗೆ ಎದ್ದದ್ದು. ಕೆಲಸದ ನಡುವೆ ಅಲ್ಲಿನ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಪಾಠವನ್ನೂ ಮಾಡುತ್ತಿದ್ದರು. 1982ರ ಮಾರ್ಚ್ 27ರಂದು, ಐವತ್ಮೂರು ತುಂಬುವ ಮೊದಲೇ, ಅದೇ ಜಿದ್ದಾದಲ್ಲಿ ತೀರಿಕೊಂಡರು.

ಆ ಊರು ಅವರನ್ನು ಮರೆಯಲಿಲ್ಲ. ಟವರಿನ ಪಕ್ಕದ ಬೀದಿಗೆ ಅವರ ಹೆಸರಿದೆ, ಲೀಹೈ ವಿಶ್ವವಿದ್ಯಾನಿಲಯದಲ್ಲಿ ಅವರ ಹೆಸರಿನಲ್ಲಿ ಪೀಠ ಇದೆ. ಎಲ್ಲಕ್ಕಿಂತ ನಮಗೆ ಮುಖ್ಯವೆನಿಸಿದ್ದು, ಸ್ವತಃ ಎಂಜಿನಿಯರ್ ಆಗಿರುವ ಮಗಳು ಯಾಸ್ಮಿನ್ ಕೂತು ತಂದೆಯ ಕೆಲಸದ ಮೇಲೆ ಒಂದು ಪುಸ್ತಕ ಬರೆದರು. ನಮ್ಮ ಅಬ್ದುಲ್ ಕಲಾಂ ಅವರೂ ಅಷ್ಟೇ. ವಿಮಾನದ ವಿನ್ಯಾಸ ಸರಿಯಾಗಿಲ್ಲವೆಂದು ಮೂರು ದಿನದ ಗಡುವು ಕೊಟ್ಟ ಮದ್ರಾಸಿನ ಪ್ರೊಫೆಸರ್ ಶ್ರೀನಿವಾಸನ್ ಅವರ ಹೆಸರು ಇವತ್ತು ಹೈಸ್ಕೂಲ್ ಮಕ್ಕಳಿಗೂ ಗೊತ್ತಿರುವುದು ಶಿಷ್ಯ ಬರೆದಿಟ್ಟದ್ದರಿಂದ. ಬರೆಯದಿದ್ದರೆ ಆ ಮೇಷ್ಟ್ರೂ ಗುಜರಿ ಅಂಗಡಿಯ ರಾಶಿಯಲ್ಲೇ ಇರುತ್ತಿದ್ದರು.

ನಮ್ಮವರಲ್ಲಿ ಬರೆಯುವ ಅಭ್ಯಾಸ ಕಡಿಮೆ, ಒಪ್ಪೋಣ. ಮಾಜಿ ಸಚಿವ ಬಿ.ಎ. ಮೊಹಿದೀನ್ ಅವರ ಆತ್ಮಕಥೆ ಹೊರಬಂದದ್ದು ಅವರು ತೀರಿಕೊಂಡ 2018ರಲ್ಲೇ. ಇನ್ನು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಆದರೆ ಇಲ್ಲಿ ಪುಸ್ತಕ ಬರೆಯಬೇಕಾಗಿಲ್ಲ, ಒಂದು ಹಾಳೆ ಸಾಕು. ಮನೆಯಲ್ಲಿ ಮೊದಲು ಎಂಜಿನಿಯರೋ ಡಿಪ್ಲೊಮಾವೋ ಆದ ಕಾಕ, ಮಾಮ ಇದ್ದರೆ, ಅವರು ಮರ್ಹೂಂ ಆಗಿದ್ದರೆ ಅವರ ಜೊತೆಗೆ ಓದಿದವರು ಇದ್ದರೆ, ಹೋಗಿ ಕೂತು ಕೇಳಿ. ಯಾವ ವರ್ಷ, ಯಾವ ಕಾಲೇಜು, ಕಲಿಸಿದವರಲ್ಲಿ ಯಾರು ನೆನಪಿದ್ದಾರೆ, ಯಾಕೆ. ಬ್ಯಾರಿ ಭಾಷೆಯಲ್ಲೇ ಮಾತಾಡಲಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಮೊದಲು ಎಂಜಿನಿಯರಿಂಗ್ ಸೇರಿದ ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿ. ನಮ್ಮ ಪಟ್ಟಿಗಳಲ್ಲಿ ಸುಲಭವಾಗಿ ಜಾರಿಹೋಗುವುದು ಅವರೇ. ಬ್ಯಾಚ್ ಗ್ರೂಪುಗಳಲ್ಲಿ ಅಡ್ಮಿನ್ ಆಗಿರುವವರು ಇನ್ನು ಮುಂದೆ ನಿಧನದ ಸುದ್ದಿ ಹಾಕುವಾಗ ಆ ಮೇಷ್ಟ್ರ ಮನೆಯ ದಾರಿಯನ್ನೂ ಹಾಕಲಿ, ಊರಿನಲ್ಲಿರುವ ಇಬ್ಬರಾದರೂ ಹೋಗಿಬರಲಿ. ಬರೆದದ್ದನ್ನು ಮನೆಯವರ ಒಪ್ಪಿಗೆಯೊಂದಿಗೆ ನಮಗೆ ಕಳಿಸಿದರೆ ಈ ಪುಟದಲ್ಲಿ ಜಾಗ ಉಂಟು.

ಆ ಲಾಗ್ ಟೇಬಲ್, ನೋಟ್ಸ್, ಸ್ಲೈಡ್ ರೂಲ್ ಸದ್ಯ ನಮ್ಮ ಕಚೇರಿಯಲ್ಲೇ ಇವೆ. ಮನೆಯವರನ್ನು ಕೇಳದೆ ಹೆಸರು ಅಚ್ಚು ಹಾಕುವುದು ಸರಿಯಲ್ಲ, ಹಾಗಾಗಿ ಹಾಕಿಲ್ಲ. ಅವರು ಬೆಂಗಳೂರಿನಲ್ಲಿ ಎಲ್ಲೋ ಇದ್ದಾರೆಂದು ಆ ಹಿರಿಯ ಎಂಜಿನಿಯರ್ ಹೇಳಿದರು. ಹುಡುಕುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ.