ಬೆನ್ನುನೋವಿಗೆ ಮನಸ್ಸಿನ ಚಿಕಿತ್ಸೆ: ಅನುಮಾನ ಯಾರ ಮೇಲೆ?

ಬೆನ್ನುನೋವಿಗೆ ಮನಶ್ಶಾಸ್ತ್ರೀಯ ಚಿಕಿತ್ಸೆಯೂ ಬೇಕು ಎಂದರೆ ರೋಗಿ ಕೆರಳುತ್ತಾರೆ: ‘ಹಾಗಾದರೆ ನನ್ನ ನೋವು ಸುಳ್ಳೇ?’ ಈ ಸಿಟ್ಟು ನ್ಯಾಯವಾದದ್ದು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದಾಗ ‘ಎಲ್ಲ ನಿಮ್ಮ ಭ್ರಮೆ’ ಎಂದು ಕೈತೊಳೆದುಕೊಂಡ ವೈದ್ಯರು ಕಡಿಮೆಯೇನಿಲ್ಲ.

2021ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ‘ನೈಸ್’, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾದಂಥ ದೀರ್ಘಕಾಲದ ನೋವುಗಳಿಗೆ ಪ್ಯಾರಾಸಿಟಮಾಲ್, ಒಪಿಯಾಯ್ಡ್ ಮಾತ್ರೆಗಳನ್ನು ಆರಂಭಿಸಬೇಡಿ, ವ್ಯಾಯಾಮ ಮತ್ತು ಯೋಚನೆ, ವರ್ತನೆಗಳನ್ನು ತಿದ್ದುವ ಅರಿವಿನ ವರ್ತನಾ ಚಿಕಿತ್ಸೆಯಂಥ (ಸಿಬಿಟಿ) ಮಾರ್ಗಗಳನ್ನು ನೋಡಿ ಎಂದಿತು. ನೋವು ತಜ್ಞರೂ ರೋಗಿಗಳ ಸಂಘಟನೆಗಳೂ ಆತಂಕ ವ್ಯಕ್ತಪಡಿಸಿದರು. ಮಾತ್ರೆ ಬೇಡವೆನ್ನಲು ಒಂದು ಸಹಿ ಸಾಕು. ಮನಶ್ಶಾಸ್ತ್ರಜ್ಞರನ್ನು ಎಲ್ಲಿಂದ ತರುವುದು? ಆ ಪ್ರಶ್ನೆ ಇಂದಿಗೂ ತೂಕದ್ದೇ.

ಆದರೆ ಮನಸ್ಸಿನ ಚಿಕಿತ್ಸೆಯನ್ನೇ ತಳ್ಳಿಹಾಕುವುದು ತಪ್ಪು. ನೋವಿಗೆ ಹೆದರಿ ಬಗ್ಗುವುದನ್ನು, ನಡೆಯುವುದನ್ನು ಬಿಟ್ಟವರ ಸ್ನಾಯುಗಳು ಸೊರಗುತ್ತವೆ, ನಿದ್ದೆ ಕೆಡುತ್ತದೆ, ನೋವು ಇನ್ನಷ್ಟು ಬಲಿಯುತ್ತದೆ. ಈ ಭಯ ಕರಗದೆ ವ್ಯಾಯಾಮದ ಪಟ್ಟಿ ಕೊಟ್ಟರೆ ಅದು ಚೀಟಿಯಲ್ಲೇ ಉಳಿಯುತ್ತದೆ.

ಆಸ್ಟ್ರೇಲಿಯಾದ ‘ರಿಸ್ಟೋರ್’ ಅಧ್ಯಯನ 2023ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ದೀರ್ಘಕಾಲದ ಬೆನ್ನುನೋವಿನಿಂದ ದಿನದ ಕೆಲಸವೇ ಕಷ್ಟವಾಗಿದ್ದ 492 ಮಂದಿ ಅದರಲ್ಲಿದ್ದರು. ವಿಶೇಷ ತರಬೇತಿ ಪಡೆದ ಫಿಸಿಯೋಥೆರಪಿಸ್ಟರು ಅವರಲ್ಲಿ ಹಲವರ ನೋವಿನ ಕಥೆ ಕೇಳಿದರು, ಅವರು ಹೆದರುತ್ತಿದ್ದ ಚಲನೆಗಳನ್ನೇ ಮೆಲ್ಲಗೆ ಮಾಡಿಸಿದರು, ನಿದ್ದೆ ಮತ್ತು ದಿನಚರಿಯನ್ನು ತಿದ್ದಿಸಿದರು. ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಇವರು ಹೆಚ್ಚು ಚೇತರಿಸಿಕೊಂಡರು; ವರ್ಷದ ನಂತರವೂ ಆ ಲಾಭ ಉಳಿದಿತ್ತು. ಒಂದು ಗುಂಪಿಗೆ ಚಲನೆ ಅಳೆಯುವ ಸಂವೇದಕಗಳನ್ನೂ ಕೊಟ್ಟಿದ್ದರು. ಅದರಿಂದ ಹೆಚ್ಚುವರಿ ಪ್ರಯೋಜನ ಸಿಗಲಿಲ್ಲ.

ಮನಸ್ಸಿನ ಚಿಕಿತ್ಸೆಗೆ ರೋಗಿಯನ್ನು ಇನ್ನೊಂದು ವಿಭಾಗಕ್ಕೆ ಸಾಗಹಾಕಲೇಬೇಕಿಲ್ಲ ಎಂಬುದು ಇಲ್ಲಿನ ದೊಡ್ಡ ಪಾಠ. ಮೈಯನ್ನು ಮುಟ್ಟಿ ಪರೀಕ್ಷಿಸುವವರೇ ಮನಸ್ಸಿನ ಮಾತನ್ನೂ ಆಡಿದಾಗ ಅವಮಾನಕ್ಕೆ ಜಾಗವಿರುವುದಿಲ್ಲ. ಮೂಳೆ ಮುರಿತ, ಸೋಂಕು, ಕ್ಯಾನ್ಸರ್, ನರಗಳ ಮೇಲಿನ ಒತ್ತಡ ಇವು ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳುವ ಹೊಣೆಯಂತೂ ವೈದ್ಯರದೇ.

ನೋವಿನ ಭಯ ಸ್ಕ್ಯಾನ್ ರಿಪೋರ್ಟಿನಿಂದಲೂ ಹುಟ್ಟುತ್ತದೆ. ‘ಡಿಸ್ಕ್ ಸವೆದಿದೆ’ ಎಂಬ ಒಂದೇ ಮಾತಿಗೆ ನಮ್ಮಲ್ಲಿ ಎಷ್ಟೋ ಜನ ಕುಸಿದುಹೋಗುತ್ತಾರೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಶ್ಲೇಷಣೆಯಲ್ಲಿ, 20ರ ಹರೆಯದವರಲ್ಲೇ ಶೇ 37ರಷ್ಟು ಮಂದಿಗೆ ಡಿಸ್ಕ್ ಸವೆತವಿತ್ತು. 80ರ ಹೊತ್ತಿಗೆ ಅದು ಶೇ 96. ರಿಪೋರ್ಟ್ ಕೈಗಿಡುವವರು ಇದನ್ನೂ ಹೇಳಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2023ರ ಬೆನ್ನುನೋವಿನ ಮಾರ್ಗಸೂಚಿಯೂ ವ್ಯಾಯಾಮ, ತಿಳಿವಳಿಕೆಯ ಜೊತೆಗೆ ಅರಿವಿನ ವರ್ತನಾ ಚಿಕಿತ್ಸೆಯನ್ನು ಸೂಚಿಸಿದೆ. ಕರ್ನಾಟಕದ ಫಿಸಿಯೋಥೆರಪಿ ಕಾಲೇಜುಗಳು ಮೈಯ ಜೊತೆಗೆ ಮನಸ್ಸಿನ ಮಾತನ್ನೂ ಆಡುವ ಕೌಶಲವನ್ನು ರೋಗಿಯ ಎದುರಿನಲ್ಲೇ ಕಲಿಸಲಿ. ವಿಮಾ ಕಂಪನಿಗಳು ಆ ಮಾತಿಗೂ ಹಣ ಕೊಡಲಿ.