ಅಳತೆಗೋಲು ಬಚ್ಚಿಟ್ಟು ಅಳೆಯುವವರು

ಕಳೆದ ಭಾನುವಾರ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಸಭಾಂಗಣವೊಂದರಲ್ಲಿ ಹೈಸ್ಕೂಲು ಮಕ್ಕಳ ಅಪ್ಪ-ಅಮ್ಮಂದಿರಿಗೆಂದೇ ಒಂದು ಉಪನ್ಯಾಸವಿತ್ತು. ಮಾತಾಡಿದವರು ಒಂದು ಕಾಲದಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಅರ್ಜಿಗಳನ್ನು ಓದುತ್ತಿದ್ದವರು, ಈಗ ಖಾಸಗಿ ಸಲಹೆಗಾರರು. ಮುಗಿಯುವ ಹೊತ್ತಿಗೆ ಮಂಡ್ಯ ಕಡೆಯ ತಂದೆಯೊಬ್ಬರು ಎದ್ದು ನಿಂತರು. "ನನ್ನ ಮಗನಿಗೂ ಎಲ್ಲಾ ಎ, ಪಕ್ಕದ ಮನೆ ಹುಡುಗನಿಗೂ ಎಲ್ಲಾ ಎ. ಒಂದೇ ಸ್ಕೂಲು, ಅವೇ ಕ್ಲಾಸುಗಳು. ಅವನಿಗೆ ಸಿಕ್ತು, ಇವನಿಗೆ ಇಲ್ಲ. ಯಾಕೆ ಅಂತ ಹೇಳ್ತೀರಾ?" ಉತ್ತರ ಬಂತು: ಮಗು ತಾನು ತಾನಾಗಿದ್ದರೆ ಸಾಕು, ಅದು ಅರ್ಜಿಯಲ್ಲಿ ಕಾಣುತ್ತದೆ. ಹೊರಬರುವಾಗ ಬಾಗಿಲ ಬಳಿ ಎಲ್ಲರ ಕೈಗೂ ಒಂದು ಕರಪತ್ರ. ಒಂಬತ್ತನೇ ಕ್ಲಾಸಿನಿಂದ ಶುರುವಾಗುವ ನಾಲ್ಕು ವರ್ಷದ ಪ್ಯಾಕೇಜು, ಸಾವಿರಾರು ಡಾಲರು.

ತಾನು ತಾನಾಗಿರುವುದೇ ಸಾಕಾದರೆ ನಾಲ್ಕು ವರ್ಷ ದುಡ್ಡು ಕಟ್ಟಿ ಕಲಿಯುವುದೇನನ್ನು? ಆ ತಂದೆಯ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅಲ್ಲೇ ಹೇಳಬೇಕಿತ್ತು. ಗೊತ್ತಿಲ್ಲದಿದ್ದರೆ ಕರಪತ್ರ ಹಂಚಬಾರದಿತ್ತು. ವಾರವಿಡೀ ನನಗೆ ಇದೇ ಸಿಟ್ಟು.

ಹಿನ್ನೆಲೆ ಇಲ್ಲಿ ಮಕ್ಕಳಿರುವ ಮನೆಗಳಿಗೆಲ್ಲ ಗೊತ್ತಿರುವುದೇ. ಯುಸಿ, ಅಂದರೆ ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯ, 2020ರ ಮೇ ತಿಂಗಳಲ್ಲಿ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯನ್ನು ಬಿಡಲು ತೀರ್ಮಾನಿಸಿತು. ಆಡಳಿತ ಮಂಡಳಿಯಲ್ಲಿ 23 ಮತ, ವಿರೋಧ ಸೊನ್ನೆ. ಕಾಂಪ್ಟನ್ನಿನಂಥ ಬಡ ಊರಿನ ಶಾಲಾ ಜಿಲ್ಲೆಯೂ ಸೇರಿ ಈ ಪರೀಕ್ಷೆಯ ವಿರುದ್ಧ ಹೂಡಿದ್ದ ದಾವೆ 2021ರಲ್ಲಿ ರಾಜಿಯಾಯಿತು. 2025ರ ವಸಂತದವರೆಗಿನ ಪ್ರವೇಶಕ್ಕೆ ಆ ಅಂಕಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಯುಸಿ ಒಪ್ಪಿಕೊಂಡಿತು. ಬದಲಿ ಪರೀಕ್ಷೆಯೂ ಬೇಡವೆಂದು ಅದೇ ವರ್ಷ ಕೈಬಿಟ್ಟರು.

ಈ ನಿರ್ಧಾರಕ್ಕೆ ಮುಂಚೆ ನಡೆದದ್ದನ್ನು ಮಾತ್ರ ಯಾರೂ ನೆನಪಿಸುವುದಿಲ್ಲ. 2020ರ ಆರಂಭದಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರದೇ ಸಮಿತಿ ವರದಿ ಕೊಟ್ಟಿತ್ತು. ಮೊದಲ ವರ್ಷದಲ್ಲಿ ಮಗು ಹೇಗೆ ಓದುತ್ತದೆ ಎನ್ನುವುದನ್ನು ಹೈಸ್ಕೂಲಿನ ಗ್ರೇಡಿಗಿಂತ ಪರೀಕ್ಷೆಯ ಅಂಕವೇ ಚೆನ್ನಾಗಿ ಹೇಳುತ್ತದೆ, ಬಡ ಮನೆಗಳ ಮಕ್ಕಳ ವಿಷಯದಲ್ಲೂ ಅದು ನಿಜ ಎಂದು. ಅಧ್ಯಾಪಕರ ಸೆನೆಟ್ಟು ಸದ್ಯಕ್ಕೆ ಪರೀಕ್ಷೆ ಉಳಿಯಲಿ ಎಂದು 51–0 ಮತದಿಂದ ಹೇಳಿತು. ಪಾಠ ಮಾಡುವವರ ಮಾತನ್ನು ಮಂಡಳಿ ಪಕ್ಕಕ್ಕಿಟ್ಟಿತು.

ಎಸ್‌ಎಟಿಯಲ್ಲಿ ತಪ್ಪಿರಲಿಲ್ಲವೇ? ಇತ್ತು. ಕೋಚಿಂಗಿಗೆ ದುಡ್ಡಿದ್ದವರ ಮಕ್ಕಳಿಗೆ ಅಂಕ ಹೆಚ್ಚು ಬರುತ್ತಿದ್ದುದು ನಿಜ, ಕಾಂಪ್ಟನ್ನಿನವರ ಕೋಪ ನ್ಯಾಯವಾದದ್ದೇ. ಆದರೆ ಅಲ್ಲಿನ ಮಗುವಿನ ಕೈಗೂ ಲೈಬ್ರರಿಯ ಪುಸ್ತಕ ಸಿಗುತ್ತಿತ್ತು, 2015ರಿಂದ ಖಾನ್ ಅಕಾಡೆಮಿಯ ಪಾಠ ಪುಕ್ಕಟೆ ಇತ್ತು. ಏನನ್ನು ಓದಬೇಕು ಎಂದು ಗೊತ್ತಿತ್ತು. ಈಗ ಅಳೆಯುವುದು ಏನನ್ನು ಎನ್ನುವುದೇ ಅದಕ್ಕೆ ಗೊತ್ತಿಲ್ಲ. ಅರ್ಜಿಯಲ್ಲಿ ನೋಡುವುದು ಹದಿಮೂರು ಅಂಶ ಎಂದು ಪಟ್ಟಿ ಕೊಟ್ಟಿದ್ದಾರೆ. ಯಾವುದಕ್ಕೆ ಎಷ್ಟು ತೂಕ ಎಂದು ಕೇಳಿದರೆ ನಿಗದಿತ ತೂಕವಿಲ್ಲ, ಒಟ್ಟಾರೆ ನೋಡುತ್ತೇವೆ ಎನ್ನುತ್ತಾರೆ. ಯುಸಿಎಲ್‌ಎ ಒಂದಕ್ಕೇ 2023ರಲ್ಲಿ ಬಂದ ಅರ್ಜಿ 1.45 ಲಕ್ಷ, ಸೀಟು ಸಿಕ್ಕಿದ್ದು ನೂರಕ್ಕೆ ಒಂಬತ್ತು ಮಕ್ಕಳಿಗೆ. ಉಳಿದ ತೊಂಬತ್ತೊಂದು ಮನೆಗಳಲ್ಲಿ ಯಾಕೆ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಆ ಪ್ರಶ್ನೆ ಇದ್ದಲ್ಲೆಲ್ಲ ಸಲಹೆಗಾರರು ಅಂಗಡಿ ತೆರೆದಿದ್ದಾರೆ. ಕಳೆದ ನವೆಂಬರಿನಲ್ಲಿ ತಂಗಿಯ ಮನೆಯ ಊಟದ ಮೇಜಿನ ಮೇಲೆ ಅದರ ಪರಿಣಾಮ ಕಂಡೆ. ಅರ್ಜಿಗೆ ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ ಬರೆಯಬೇಕು, ಒಂದೊಂದಕ್ಕೆ 350 ಪದ ಮೀರಬಾರದು. ತಂಗಿಯ ಮಗಳು ತನ್ನ ತಾತನ ಬಗ್ಗೆ ಬರೆದಿದ್ದಳು. ಅವಳ ಅಪ್ಪನ ತಂದೆ, ಅರಸೀಕೆರೆಯವರು. ಅವರು ತೀರಿಕೊಂಡಾಗ ಇವರು ಹೊರಟು ತಲುಪಲಾಗಲಿಲ್ಲ, ಕೊನೆಯ ದರ್ಶನ ಫೋನಿನ ಪರದೆಯಲ್ಲೇ ಆಯಿತು. ಬರಹದ ಪಕ್ಕದಲ್ಲಿ ಸಲಹೆಗಾರರ ಟಿಪ್ಪಣಿಗಳಿದ್ದವು: ಸಾವಿನ ದೃಶ್ಯವನ್ನು ಮೊದಲ ಪ್ಯಾರಾಕ್ಕೆ ತನ್ನಿ. ಇಲ್ಲಿ ನಿಮಗೆ ಏನನಿಸಿತು, ಇನ್ನಷ್ಟು ಬೇಕು. ಇದರಿಂದ ನೀವು ಕಲಿತದ್ದೇನು, ಎರಡು ವಾಕ್ಯ.

ಹುಡುಗಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. "ದೊಡ್ಡಮ್ಮ, ಸೀಟಿಗೋಸ್ಕರ ತಾತನ್ನ ಬಳಸ್ಕೊಳ್ಳೋಕೆ ನಂಗಿಷ್ಟ ಇಲ್ಲ" ಅಂದಳು. ಪೂರ್ತಿ ಅಳಿಸಿದಳು. ವಾರಕ್ಕೊಮ್ಮೆ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದರ ಬಗ್ಗೆ ಬರೆದಳು. ಭಿನ್ನರಾಶಿ ಅರ್ಥವಾಗದ ಹುಡುಗನೊಬ್ಬನಿಗೆ ಚಪಾತಿ ಮುರಿದು ತೋರಿಸಿದ್ದನ್ನು ಬರೆದಳು. ಓದಲು ಚೆನ್ನಾಗಿತ್ತು, ಅವಳ ಹಾಗೇ ಇತ್ತು. ಈ ಮಾರ್ಚಿನಲ್ಲಿ ಅವಳು ಆಸೆಪಟ್ಟಿದ್ದ ಎರಡು ಕ್ಯಾಂಪಸ್ಸುಗಳೂ ಇಲ್ಲವೆಂದವು. ತಂಗಿ ಈಗ ರಾತ್ರಿ ಫೋನು ಮಾಡಿ ಕೇಳುತ್ತಾಳೆ, "ಅಕ್ಕಾ, ಆ ತಾತನದ್ದೇ ಕಳಿಸಿದ್ರೆ ಸಿಗ್ತಿತ್ತಾ?" ಈ ಪ್ರಶ್ನೆಯನ್ನು ತಾಯಿಯೊಬ್ಬಳ ತಲೆಗೆ ತುಂಬಿದ ವ್ಯವಸ್ಥೆಯನ್ನು ನ್ಯಾಯ ಎಂದು ಕರೆಯಲು ನನ್ನಿಂದಾಗದು. ಎಸ್‌ಎಟಿಯಲ್ಲಿ ಅಂಕ ಕಡಿಮೆ ಬಂದರೆ ಲೆಕ್ಕದಲ್ಲಿ ಹಿಂದೆ ಎಂದಾಗುತ್ತಿತ್ತು. ಈಗ ಸೀಟು ಸಿಗದಿದ್ದರೆ ಹದಿನೇಳರ ಮಗು ತನ್ನ ಬದುಕೇ ಸಾಲದಾಯಿತು ಎಂದುಕೊಳ್ಳುತ್ತದೆ.

ಮಕ್ಕಳ ಭಾರ ಇಳಿಯಿತು ಎನ್ನುವವರೂ ಇದ್ದಾರೆ. ಇಳಿದಿಲ್ಲ. ಎಂಐಟಿ 2022ರಲ್ಲೇ ಪರೀಕ್ಷೆಯನ್ನು ವಾಪಸು ತಂದಿತು, 2024ರಲ್ಲಿ ಹಾರ್ವರ್ಡ್, ಸರ್ಕಾರಿ ವಿಶ್ವವಿದ್ಯಾಲಯಗಳ ಪೈಕಿ ಟೆಕ್ಸಾಸಿನ ಆಸ್ಟಿನ್ ಕೂಡ. ಜಾರ್ಜಿಯಾ ಟೆಕ್ಕಿಗೂ ಅಂಕ ಬೇಕು. ಹಾಗಾಗಿ ಮಕ್ಕಳು ಹೊರರಾಜ್ಯಕ್ಕೆಂದು ಎಸ್‌ಎಟಿಯನ್ನೂ ಬರೆಯುತ್ತಾರೆ, ಸ್ವಂತ ರಾಜ್ಯಕ್ಕೆಂದು ಆತ್ಮಕಥೆಯನ್ನೂ ಬರೆಯುತ್ತಾರೆ.

ಪರಿಣಾಮ ಸ್ವತಃ ಯುಸಿಗೇ ಕಂಡಿದೆ. ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನ ಕಾರ್ಯತಂಡ 2025ರ ನವೆಂಬರಿನಲ್ಲಿ ಕೊಟ್ಟ ವರದಿಯನ್ನು ಓದಿದವರಿಗೆ ನಿದ್ದೆ ಬಾರದು. ಹೈಸ್ಕೂಲು ಮಟ್ಟದ ಗಣಿತವೂ ಬಾರದ ಹೊಸ ವಿದ್ಯಾರ್ಥಿಗಳ ಸಂಖ್ಯೆ ಐದು ವರ್ಷದಲ್ಲಿ ಸುಮಾರು ಮೂವತ್ತು ಪಟ್ಟು ಏರಿ, ಎಂಟರಲ್ಲಿ ಒಬ್ಬರು ಎಂಬಲ್ಲಿಗೆ ಬಂದಿದೆ. ಹನ್ನೆರಡರಲ್ಲಿ ಒಬ್ಬರು ಮಾಧ್ಯಮಿಕ ಶಾಲೆಯ ಮಟ್ಟಕ್ಕಿಂತ ಕೆಳಗೆ. ಅವರಿಗೆಂದು ಇರುವ ಪೂರಕ ತರಗತಿಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಕ್ಕಳ ಹೈಸ್ಕೂಲು ಗಣಿತದ ಸರಾಸರಿ 4.0, ಅಂದರೆ ಎಲ್ಲಾ ಎ. ಕೊರೊನಾ, ಶಾಲೆಗಳು ಧಾರಾಳವಾಗಿ ಕೊಡುವ ಗ್ರೇಡು, ಕಾರಣ ಹಲವು. ಆದರೆ ಆ ಎ ನಿಜವೋ ಸುಳ್ಳೋ ಎಂದು ತಾಳೆ ನೋಡಲು ಇದ್ದ ಒಂದೇ ಕಾಗದವನ್ನು ಇವರೇ ಹರಿದು ಎಸೆದರಲ್ಲ? ಪ್ರವೇಶಕ್ಕೆ ಬೇಡವಾದ ಎಸ್‌ಎಟಿ ಅಂಕವನ್ನು, ಮಗು ಸೇರಿದ ಮೇಲೆ ಯಾವ ತರಗತಿಗೆ ಹಾಕಬೇಕೆಂದು ನೋಡಲು ಮಾತ್ರ ಬಳಸಬಹುದು ಎಂದು ಯುಸಿಯೇ ಹೇಳುತ್ತದೆ. ಬಾಗಿಲಲ್ಲಿ ಅಸ್ಪೃಶ್ಯವಾದದ್ದು ಒಳಗೆ ಹೇಗೆ ಮಡಿಯಾಯಿತು? ಆ ತರಗತಿಗೆ ಬಂದು ಕೂತ ಮಕ್ಕಳ ತಪ್ಪೇನೂ ಇಲ್ಲ. ನೀನು ಸಿದ್ಧನಿದ್ದೀಯ ಎಂದು ಅವರನ್ನು ನಂಬಿಸಿ ಕರೆತಂದವರು ದೊಡ್ಡವರು.

ಈ ಅಂಕಣದ ಓದುಗರಿಗೆ ನನ್ನ ಹಳೇ ಹಟ ಗೊತ್ತು: ಲೆಕ್ಕ ಗೋಡೆಗೆ ಅಂಟಿಸಿ. ನಮ್ಮ ಸಿಇಟಿಯನ್ನು ಬೈಯಲು ನೂರು ಕಾರಣಗಳಿವೆ. ಆದರೂ ರ‍್ಯಾಂಕು ಪ್ರಕಟವಾಗುತ್ತಿತ್ತು, ರ‍್ಯಾಂಕಿನ ಪ್ರಕಾರ ಕರೆಯುತ್ತಿದ್ದರು, ಉಳಿದ ಸೀಟು ಯಾವುವೆಂದು ಗೊತ್ತಾಗುತ್ತಿತ್ತು. ತುಮಕೂರಿನ ಗುಮಾಸ್ತರ ಮಗಳಿಗೂ ಡಾಕ್ಟರ ಮಗನಿಗೂ ಅದೇ ಪಟ್ಟಿ. 2021ರಲ್ಲಿ ಕೊರೊನಾದಿಂದ ಪಿಯು ಪರೀಕ್ಷೆ ನಡೆಯಲಿಲ್ಲ, ಎಲ್ಲರೂ ಪಾಸು. ಮರುವರ್ಷ ಮತ್ತೆ ಸಿಇಟಿಗೆ ಕೂತ ಸುಮಾರು 24 ಸಾವಿರ ಮಕ್ಕಳ ಪಿಯು ಅಂಕ ಪರಿಗಣಿಸುವುದಿಲ್ಲ ಎಂದಾಗ ಅವರಲ್ಲಿ ಕೆಲವರು ಹೈಕೋರ್ಟಿಗೆ ಹೋದರು. ಪಿಯು ಅರ್ಧ, ಸಿಇಟಿ ಅರ್ಧ ಎಂಬ ನಿಯಮ ಅಚ್ಚಾಗಿತ್ತು, ಅದನ್ನೇ ಹಿಡಿದು ವಾದಿಸಿದರು. ಸರ್ಕಾರ ಕೊನೆಗೆ ಹೊಸ ಸೂತ್ರ ಹುಡುಕಬೇಕಾಯಿತು. ಕಣ್ಣಿಗೆ ಕಾಣುವ ನಿಯಮದ ಜೊತೆ ಜಗಳವಾದರೂ ಆಡಬಹುದು. ನನ್ನ ತಂಗಿ ಯಾವ ನಿಯಮ ಹಿಡಿದು ಯಾರ ಹತ್ತಿರ ಹೋಗಬೇಕು? ಮೇಲ್ಮನವಿಗೆ ಅವಕಾಶವಿದೆ, ಆದರೆ ಹೊಸ ಮಾಹಿತಿಯೇನಾದರೂ ಇರಬೇಕಂತೆ. ಯಾಕೆ ಬೇಡವೆಂದರು ಎಂದೇ ತಿಳಿಯದವರು ಹೊಸದಾಗಿ ಏನನ್ನು ಹೇಳಬೇಕು?

ದಾವೆಯ ರಾಜಿ ಒಪ್ಪಂದದ ಅವಧಿ ಮುಗಿದಿದೆ. ಈಗ ಮಂಡಳಿಯ ಕೈಯನ್ನು ಯಾರೂ ಕಟ್ಟಿಹಾಕಿಲ್ಲ. ಪರೀಕ್ಷೆಯನ್ನು ವಾಪಸು ತನ್ನಿ. ಬಡ ಶಾಲೆಯ ಮಗುವಿನ ಅಂಕವನ್ನು ಅದರ ಶಾಲೆಯ ಪಕ್ಕದಲ್ಲಿಟ್ಟೇ ನೋಡಿ, ಬೇಡವೆನ್ನುವವರು ಯಾರು? ಎಸ್‌ಎಟಿಯೇ ಬೇಡವಾದರೆ ಬೇರೆ ಪರೀಕ್ಷೆ ಮಾಡಿ. ಅದೂ ಆಗದಿದ್ದರೆ ಹದಿಮೂರು ಅಂಶಗಳ ಮುಂದೆ ಹದಿಮೂರು ಅಂಕಿ ಬರೆದು ಪ್ರಕಟಿಸಿ. ಕರಪತ್ರ ಹಂಚುವವರ ವ್ಯಾಪಾರ ಅವತ್ತೇ ಅರ್ಧಕ್ಕಿಳಿಯುತ್ತದೆ.

ಒಂದು ಕ್ಯಾಂಪಸ್ಸಿಗೆ 80 ಡಾಲರು. ತಂಗಿ ಎಂಟಕ್ಕೆ ಕಟ್ಟಿದ್ದಾಳೆ, 640 ಡಾಲರು. ಮಗುವಿನಿಂದ 1,400 ಪದ ಬರೆಸಿಕೊಂಡವರು, ತೆಗೆದುಕೊಂಡ ದುಡ್ಡಿಗಾದರೂ, ಯಾಕೆ ಬೇಡವೆಂದೆವು ಎಂದು ಹದಿನಾಲ್ಕು ಪದ ಬರೆದು ಕಳಿಸಲಿ.